ತಲೆಗೊಂದು ಹಾಸಿಗೆ

ಲ್ಯಾಕ್ರಾಸ್ ಎಂದರೆ ಬಲೆ ಕಟ್ಟಿದ ಕೋಲಿನಲ್ಲಿ ಚೆಂಡು ಹಿಡಿದು ಎಸೆಯುವ ಆಟ. ಅಜ್ಜಂಪುರದ ನಮ್ಮ ಹೆಣ್ಣುಮಕ್ಕಳ ಶಾಲೆಗೆ ಅದನ್ನು ತಂದವನು ನಾನೇ, ಪಿ.ಟಿ. ಮೇಷ್ಟ್ರು ಶಶಿಧರ. ಖೋಖೋದಲ್ಲಿ ತರೀಕೆರೆಯವರನ್ನು ಸೋಲಿಸುವುದು ಈ ಜನ್ಮದಲ್ಲಿ ಆಗದು ಎಂದು ಖಾತ್ರಿಯಾದ ಮೇಲೆ, ಅವರು ಹೆಸರೇ ಕೇಳಿರದ ಆಟ ಹುಡುಕಿದೆ. ಮರುವರ್ಷ ಅವರೂ ಕಲಿತರು, ಹಾಳಾದವರು.

ಹನ್ನೊಂದು ವರ್ಷದ ನೌಕರಿಯಲ್ಲಿ ನನ್ನ ಒಬ್ಬ ಹುಡುಗಿಯೂ ರಾಜ್ಯ ತಂಡಕ್ಕೆ ಹೋಗಿರಲಿಲ್ಲ. ಹೋಗುವವಳಿದ್ದರೆ ಅತೀಯಾ. ಆದರೆ ಅಭ್ಯಾಸದಲ್ಲಿ ಅವಳ ಹಣೆಗೆ ಚೆಂಡು ಬಡಿದು ನಿಂಬೆಹಣ್ಣಿನ ಗಾತ್ರದ ಬುಗುಟೆ ಎದ್ದಿತು. ಮರುದಿನವೇ ಅವಳ ಅಪ್ಪ, ಹಾಸಿಗೆ ಹೊಲಿಯುವ ಮುನೀರ್ ಪಾಷಾ, ತಲೆಗೆ ಏನೂ ಹಾಕದಿದ್ದರೆ ಮಗಳನ್ನು ಆಡಿಸುವುದಿಲ್ಲ ಎಂದರು. ನಿಯಮದಲ್ಲಿ ಹುಡುಗಿಯರಿಗೆ ಕಣ್ಣಿನ ಕವಚ ಇದ್ದರೆ ಸಾಕು ಎಂದು ವಾದಿಸಿದೆ. ನಿಯಮ ಬರೆದವರ ತಲೆ ಎಲ್ಲಿತ್ತು ಎಂದು ಕೇಳಿದರು.

ಮೂರೇ ದಿನದಲ್ಲಿ ಬೂರುಗದ ಹತ್ತಿ ತುಂಬಿ, ಹಾಸಿಗೆಗೆ ಹಾಕುವಂತೆಯೇ ಅಲ್ಲಲ್ಲಿ ಗಂಟು ಹಾಕಿ, ಗದ್ದಕ್ಕೆ ಲಾಡಿ ಬಿಟ್ಟು ಹನ್ನೆರಡು ಟೋಪಿ ತಂದರು. ಬಟ್ಟೆಯೂ ಹಾಸಿಗೆಯ ಪಟ್ಟೆ ಬಟ್ಟೆಯೇ. ಒಂದನ್ನು ತಾವೇ ಕಟ್ಟಿಕೊಂಡು, ಕೋಲಿನಿಂದ ಹೊಡೆಯಲು ನನಗೆ ಹೇಳಿದರು. ವಾದದಲ್ಲಿ ಸೋತ ಸಿಟ್ಟಿತ್ತಲ್ಲ, ಧಾರಾಳವಾಗಿ ಹೊಡೆದೆ. ಅವರು ನಕ್ಕು, ತಮ್ಮ ಹಾಸಿಗೆಗಿರುವ ಹತ್ತು ವರ್ಷದ ಗ್ಯಾರಂಟಿ ಇದಕ್ಕೂ ಉಂಟು ಎಂದರು.

ಅಲ್ಲಿಂದ ಶುರುವಾಯಿತು ಗ್ರಹಚಾರ. ಕೋಲು ಕಂಡರೆ ಬಗ್ಗುತ್ತಿದ್ದ ಹುಡುಗಿಯರು ಟೋಪಿ ಬಂದದ್ದೇ ಟಗರುಗಳಾದರು. ಹಾಗೆ ನುಗ್ಗಬೇಡಿ ಎಂದರೆ, ತಲೆ ಮೇಲೆ ಹಾಸಿಗೆ ಇದೆಯಲ್ಲ ಸಾರ್ ಎನ್ನುವರು. ಗೆಲ್ಲುತ್ತಿದ್ದೆವು, ನಾನೂ ಸುಮ್ಮನಾದೆ.

ಕಡೂರಿನಲ್ಲಿ ಆಯ್ಕೆ ಪಂದ್ಯ, ಎದುರಿಗೆ ತರೀಕೆರೆ. ನಮ್ಮ ಎರಡೂ ಗೋಲು ಹೊಡೆದಿದ್ದ ಅತೀಯಾ ಮೂರನೆಯದಕ್ಕೆ ನುಗ್ಗಿ, ಎದುರಾಳಿಯ ಭುಜಕ್ಕೆ ತಲೆ ಕೊಟ್ಟು ಬಿದ್ದಳು. ಎದ್ದು ನಕ್ಕಳು. ನಮ್ಮದು ಎಷ್ಟು ಗೋಲಾಯಿತು ಎಂದು ಕೇಳಿದೆ. ಎಂಟು ಎಂದಳು. ಮೊದಲಿಂದಲೂ ಬಡಾಯಿ ಹುಡುಗಿ, ಆರು ಸೇರಿಸಿ ಹೇಳಿದ್ದಾಳೆ ಎಂದುಕೊಂಡೆ. ಆಯ್ಕೆಗಾರರು ಅವಳನ್ನೇ ನೋಡುತ್ತಿದ್ದರು, ಉಳಿದದ್ದು ಐದೇ ನಿಮಿಷ. ಆಡು ಎಂದುಬಿಟ್ಟೆ. ಸುಳ್ಳೇಕೆ ಹೇಳಲಿ, ಹಾಗೆಂದವನು ನಾನೇ.

ಮಗಳ ಆಟ ನೋಡಲು ನಮ್ಮ ಜೊತೆಗೇ ಬಂದಿದ್ದ ಮುನೀರ್ ಪಾಷಾ ಮೈದಾನದೊಳಕ್ಕೆ ಇಳಿದರು. ಬೆಳಿಗ್ಗೆ ಯಾವ ಬಸ್ಸಿಗೆ ಬಂದೆವು ಎಂದು ಮಗಳನ್ನು ಕೇಳಿದರು. ಅವಳು ನನ್ನ ಮುಖ ನೋಡಿದಳು. ಅವರು ಅವಳ ಟೋಪಿಯ ಲಾಡಿ ಬಿಚ್ಚತೊಡಗಿದರು. ನಿಮ್ಮದೇ ಗ್ಯಾರಂಟಿ ಇದೆಯಲ್ಲ ಎಂದೆ, ನಾಚಿಕೆಯಿಲ್ಲದೆ.

“ತಲೆ ಒಡೀದಂಗೆ ಹೊಲ್ದಿದೀನಿ ಮೇಷ್ಟ್ರೇ. ಒಳಗೆ ಮಿದುಳು ಅಲ್ಲಾಡಿದ್ರೆ ಎಲ್ಲಿ ಹೊಲಿಗೆ ಹಾಕ್ಲಿ?”

ಆಸ್ಪತ್ರೆಯಲ್ಲಿ ಪರೀಕ್ಷಿಸಿ, ಪ್ರಾಣಕ್ಕೇನೂ ಭಯವಿಲ್ಲ, ಸ್ವಲ್ಪ ಹೊತ್ತು ಹೇಳಿದ್ದನ್ನೆಲ್ಲ ಮರೆಯುತ್ತಾಳೆ, ಮೂರು ವಾರ ಆಟ ಬೇಡ ಎಂದರು. ಆಡಿಸಿ ಇನ್ನೊಂದು ಪೆಟ್ಟು ಬಿದ್ದಿದ್ದರೆ ಕಷ್ಟವಿತ್ತು ಎಂದಾಗ ಡಾಕ್ಟರು ನನ್ನ ಕಡೆಗೇ ನೋಡಿದರು. ಅಷ್ಟರಲ್ಲಿ ಪಟ್ಟಿ ಪ್ರಕಟವಾಗಿತ್ತು. ಅವಳ ಹೆಸರಿರಲಿಲ್ಲ.

ಬಸ್ಸು ಹೊರಟಿತು. “ಸಾರ್, ನಾನು ಸೆಲೆಕ್ಟ್ ಆದ್ನಾ?” ಎಂದಳು ಅತೀಯಾ. ಇಲ್ಲ ಎಂದೆ, ಅತ್ತಳು. ಬೀರೂರು ಬರುವಷ್ಟರಲ್ಲಿ ಮರೆತು ಮತ್ತೆ ಕೇಳಿದಳು. ಮತ್ತೆ ಇಲ್ಲ ಎಂದೆ, ಮತ್ತೆ ಹೊಸದಾಗಿ ಅತ್ತಳು. ಮೂರನೆಯ ಸಲ ಕೇಳಿದಾಗ ಮುನೀರ್ ಪಾಷಾ ನನಗಿಂತ ಮೊದಲೇ, “ಆಗಿದ್ದೀಯ ಬೇಟಾ” ಎಂದರು. ಅವಳ ಮುಖ ಅರಳಿತು. ಅಜ್ಜಂಪುರ ತಲುಪುವುದರೊಳಗೆ ಅವಳು ಇನ್ನೂ ನಾಲ್ಕು ಸಲ ಕೇಳಿ, ನಾಲ್ಕು ಸಲವೂ ಆಯ್ಕೆಯಾದಳು. ಕೊನೆಯ ಸಲ ಹೇಳಿದವನು ನಾನು.