ಪಾದ ಪರೀಕ್ಷೆ: ಸರಿಯಿದೆ

ನಮ್ಮ ಕೋಣೆಯಲ್ಲಿ ಎಲ್ಲೋ ಇಲಿ ಸತ್ತಿದೆ ಎಂದು ಎಲ್ಲರೂ ನಂಬಿದ್ದೆವು. ಓದಿದವರು, ಬರೆದವರು, ಸೂಕ್ಷ್ಮದರ್ಶಕದಲ್ಲಿ ರಕ್ತದ ಕಣ ಎಣಿಸುವವರು, ಎಲ್ಲರೂ. ಮೊದಲ ವಾರ ಕೈ ತೊಳೆಯುವ ಬೇಸಿನ್ನಿನ ಪೈಪು ಬಿಚ್ಚಿಸಿದೆವು, ಒಂದು ಹಿಡಿ ಕೂದಲು ಬಂತು. ಎರಡನೆಯ ವಾರ ಫಾಲ್ಸ್ ಸೀಲಿಂಗಿನ ಎರಡು ಹಲಗೆ ಕೀಳಿಸಿದೆವು, ಯಾವ ಕಾಲದ್ದೋ ಒಂದು ದಿನಪತ್ರಿಕೆಯೂ ಪೆನ್ನಿನ ಮುಚ್ಚಳವೂ ಬಿದ್ದವು. ಮೂರನೆಯ ವಾರ ನಿಂಬೆ ವಾಸನೆಯ ಸ್ಪ್ರೇ ತಂದು ಮೂಲೆ ಮೂಲೆಗೂ ಹೊಡೆದೆವು. ಕೊಳೆತ ವಾಸನೆ ಹೋಗಲಿಲ್ಲ, ಅದಕ್ಕೆ ನಿಂಬೆ ಸೇರಿಕೊಂಡಿತು ಅಷ್ಟೆ. ಈಗಲೂ ಯಾರಾದರೂ ನಿಂಬೆಹಣ್ಣು ಹೆಚ್ಚಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ.

ಆ ಕೋಣೆ ಇರುವುದು ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ. ಬಾಗಿಲಿನ ಮೇಲೆ 'ಸಂಶೋಧನಾ ವಿಭಾಗ' ಎಂಬ ಫಲಕ, ಒಳಗೆ ಆರು ಒರಗು ಕುರ್ಚಿ, ಆರು ಡ್ರಿಪ್ ಸ್ಟ್ಯಾಂಡು, ಕಿಟಕಿಯ ಪಕ್ಕ ನನ್ನ ಮೇಜು. ಎದುರು ಗೋಡೆಯಲ್ಲಿ ಒಂದು ಪೋಸ್ಟರು: ಬಿಳಿ ಕೋಟಿನ ಒಬ್ಬಳು ಮುದುಕರೊಬ್ಬರ ಕೈ ಹಿಡಿದುಕೊಂಡು ಹಲ್ಲು ಬಿಡುತ್ತಾಳೆ, ಕೆಳಗೆ 'ನಮಗೆ ರೋಗಿಯೇ ಮೊದಲು' ಎಂದಿದೆ. ಮೂಳೆಯ ಮಜ್ಜೆಯಲ್ಲಿ ಹುಟ್ಟುವ ಒಂದು ಬಗೆಯ ರಕ್ತದ ಕ್ಯಾನ್ಸರಿಗೆ ಹೊಸ ಮಾತ್ರೆಯೊಂದನ್ನು ನಾವು ಅಲ್ಲಿ ಪರೀಕ್ಷಿಸುತ್ತಿದ್ದೆವು. ಕ್ಯಾನ್ಸರಿನ ಜೊತೆಗೆ ಸಕ್ಕರೆ ಕಾಯಿಲೆಯೂ ಇರುವವರನ್ನೇ ಆರಿಸಿಕೊಂಡಿದ್ದೆವು. ಅಂಥವರನ್ನು ಸಾಮಾನ್ಯವಾಗಿ ಯಾರೂ ಇಂಥ ಅಧ್ಯಯನಕ್ಕೆ ಸೇರಿಸಿಕೊಳ್ಳುವುದಿಲ್ಲ, ತಲೆನೋವು ಜಾಸ್ತಿ. ಒಟ್ಟು ಇಪ್ಪತ್ತಾರು ಜನ. ಹೀಗಾಗಿ ನಮ್ಮ ದೊಡ್ಡ ಡಾಕ್ಟರು ಎಲ್ಲಿ ಭಾಷಣಕ್ಕೆ ನಿಂತರೂ "ಜಗತ್ತು ಕೈಬಿಟ್ಟವರ ಕೈಯನ್ನು ನಾವು ಹಿಡಿದಿದ್ದೇವೆ" ಎನ್ನುತ್ತಿದ್ದರು. ಕೈ ಹಿಡಿದದ್ದು ನಿಜ. ಕಾಲಿನ ವಿಷಯಕ್ಕೆ ಈಗ ಬರುತ್ತೇನೆ.

ಬುಧವಾರದ ರೋಗಿಗಳಲ್ಲಿ ಒಬ್ಬರು ಟೈಲರ್. ಅರವತ್ತು ದಾಟಿದ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಮಡಿಕೆ ಕೆಡದ ಪ್ಯಾಂಟು, ಕನ್ನಡಿಯಂಥ ಶೂ. "ಡಾಕ್ಟರ ಎದುರಿಗೆ ಬರೋವಾಗ ನೀಟಾಗಿ ಬರ್ಬೇಕಲ್ವಾ ಸಿಸ್ಟರ್" ಎನ್ನುತ್ತಿದ್ದರು. ನನ್ನ ಕೋಟಿನ ಹೆಗಲು ಇಳಿಬಿದ್ದಿದೆ, ತಂದುಕೊಡಿ, ಹತ್ತು ನಿಮಿಷದ ಕೆಲಸ ಎಂದು ವಾರ ವಾರವೂ ಹೇಳುತ್ತಿದ್ದರು. ಮೊದಲು ಎರಡು ಬಗೆಯ ಚಿಕಿತ್ಸೆ ಮಾಡಿ ಎರಡೂ ಕೈಕೊಟ್ಟಿದ್ದವು. ಈ ಮಾತ್ರೆ ಶುರುವಾದ ಮೇಲೆ ಅವರ ರಕ್ತದಲ್ಲಿನ ಕೆಟ್ಟ ಪ್ರೋಟೀನು ಆರೇ ವಾರದಲ್ಲಿ ಹತ್ತರಲ್ಲಿ ಒಂದು ಪಾಲಿಗೆ ಇಳಿದಿತ್ತು. ದೊಡ್ಡ ಡಾಕ್ಟರು ಆ ಇಳಿಜಾರಿನ ಗೆರೆಯನ್ನು ದೊಡ್ಡ ಪರದೆಯ ಮೇಲೆ ತೋರಿಸಿ ಚಪ್ಪಾಳೆ ಗಿಟ್ಟಿಸಿಕೊಂಡು ಬಂದಿದ್ದರು. ಟೈಲರಿಗೆ ಬಾಯಿಯ ರುಚಿ, ಮೂಗಿನ ವಾಸನೆ ಎರಡೂ ಹೊರಟುಹೋಗಿದ್ದವು. "ಮೂಗು ಈಗ ಕನ್ನಡಕ ಕೂರಿಸೋಕೆ ಮಾತ್ರ ಸಿಸ್ಟರ್" ಎಂದು ಅವರೇ ನಕ್ಕಿದ್ದರು. ನಾನು ಅದನ್ನು ನಮೂನೆಯಲ್ಲಿ ಬರೆದುಕೊಂಡಿದ್ದೆ. ಕೇಳಿದ್ದನ್ನೆಲ್ಲ ಬರೆಯುವುದರಲ್ಲಿ ನಾನು ಎತ್ತಿದ ಕೈ.

ವಾಸನೆ ಶುರುವಾದ ಮೇಲಿನ ನಾಲ್ಕನೆಯ ಬುಧವಾರ ಆಯಾ ಕಸಬರಿಕೆ ಗೋಡೆಗೆ ಒರಗಿಸಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಸಿಸ್ಟರ್, ಒಂದು ಕೇಳ್ತೀನಿ. ಬುಧವಾರ ಬುಧವಾರ ಮಾತ್ರ ಸಾಯೋ ಇಲಿ ಯಾವುದು?"

ನಾನು ಪೆನ್ನು ಕೆಳಗಿಟ್ಟೆ. ಅವಳು ನನ್ನ ಉತ್ತರಕ್ಕೆ ಕಾಯಲಿಲ್ಲ. ಯಾವ ಸಂಕೋಚವೂ ಇಲ್ಲದೆ ಒಂದೊಂದು ಕುರ್ಚಿಯ ಬಳಿಯೂ ಬಗ್ಗಿ ಮೂಸುತ್ತ ಹೋದಳು. ಎರಡನೆಯ ಕುರ್ಚಿಯ ಅಜ್ಜಿ ಮುಖ ಸಿಂಡರಿಸಿದರು. ನಾಲ್ಕನೆಯದರ ಬಳಿ ಆಯಾ ಕುಕ್ಕರಗಾಲಲ್ಲಿ ಕೂತಳು. ಅದು ಟೈಲರ ಕುರ್ಚಿ.

"ಯಜಮಾನ್ರೇ, ಸ್ವಲ್ಪ ಶೂ ಬಿಚ್ತೀರಾ?"

"ಅಯ್ಯೋ ಬೇಡಮ್ಮ, ಡಾಕ್ಟರು ಬರೋ ಹೊತ್ತು."

"ಬಂದ್ರೆ ಬರ್ಲಿ ಬಿಡಿ, ಅವರಿಗೂ ಕಾಲಿದೆ" ಎಂದು ಅವಳೇ ಲೇಸು ಎಳೆದಳು.

ಶೂ ಕಳಚಿದ್ದೇ ವಾಸನೆ ಮೂಗಿಗಲ್ಲ, ನೆತ್ತಿಗೆ ಬಡಿಯಿತು. ಅಜ್ಜಿ ಮಡಿಲಲ್ಲಿದ್ದ ತಟ್ಟೆಗೆ ವಾಂತಿ ಮಾಡಿಕೊಂಡರು. ಕಾಲ್ಚೀಲದ ತುದಿ ಕಂದು ಬಣ್ಣಕ್ಕೆ ತಿರುಗಿ ಚರ್ಮಕ್ಕೆ ಅಂಟಿಹೋಗಿತ್ತು. ಸಲೈನ್ ಸುರಿದು ನೆನೆಸಿ ನಾನೇ ಬಿಡಿಸಿದೆ. ಬಟ್ಟೆಯ ಜೊತೆ ಚರ್ಮವೂ ಬಂತು. ಕೊನೆಯ ಎರಡು ಬೆರಳು ಸುಟ್ಟ ಬದನೆಕಾಯಿಯಂತೆ ಕಪ್ಪಗಿದ್ದವು. ಅವುಗಳ ಕೆಳಗೆ ಅಂಗಾಲಿನಲ್ಲಿ ಒಂದು ತೂತು, ಅದರೊಳಗೆ ಏನೋ ಮಿಣುಕಿತು. ಚಿಮಟಿಗೆ ಹಾಕಿ ಎಳೆದರೆ ಗುಂಡುಪಿನ್ನು.

"ಇದು ನಮ್ಮ ಅಂಗಡೀದೇ" ಎಂದರು ಟೈಲರ್ ಬಗ್ಗಿ ನೋಡಿ. ಆಮೇಲೆ ನಮ್ಮ ಮುಖಗಳನ್ನು ನೋಡಿದರು. "ಏನಾಯ್ತು? ಯಾಕೆ ಎಲ್ರೂ ಹೀಗೆ ನಿಂತಿದೀರಿ? ನಂಗೇನೂ ನೋವಿಲ್ವಲ್ಲ."

ನೋವು ಎಲ್ಲಿಂದ ಬರಬೇಕು? ಸಕ್ಕರೆ ಕಾಯಿಲೆ ಅವರ ಪಾದದ ನರಗಳನ್ನು ಅರ್ಧ ತಿಂದಿತ್ತು. ಉಳಿದರ್ಧವನ್ನು ನಮ್ಮ ಮಾತ್ರೆ ತಿಂದಿತ್ತು. ಜೊತೆಗೆ ಕೊಡುವ ಸ್ಟೀರಾಯ್ಡ್ ಜ್ವರವನ್ನೂ ಅಡಗಿಸಿಟ್ಟಿತ್ತು. ಇದೆಲ್ಲ ಆಗುತ್ತದೆಂದು ಗೊತ್ತಿದ್ದೇ ನಮ್ಮ ನಮೂನೆಯ ಮೂರನೆಯ ಪುಟದಲ್ಲಿ 'ಪಾದ ಪರೀಕ್ಷೆ' ಎಂಬ ಒಂದು ಸಾಲು ಇಟ್ಟಿದ್ದರು. ಪ್ರತಿ ವಾರ, ಪ್ರತಿ ರೋಗಿಯ ಕಾಲ್ಚೀಲ ತೆಗೆಸಬೇಕು, ಬೆರಳ ಸಂದು ನೋಡಬೇಕು, ಅಂಗಾಲಿಗೆ ನೈಲಾನ್ ಎಳೆ ಒತ್ತಿ ಗೊತ್ತಾಗುತ್ತಾ ಎಂದು ಕೇಳಬೇಕು. ಆಮೇಲೆ 'ಸರಿಯಿದೆ' ಅಥವಾ 'ಸರಿಯಿಲ್ಲ' ಎಂಬಲ್ಲಿ ಗುರುತು ಹಾಕಬೇಕು.

ಆ ಗುರುತು ಹಾಕುವವಳು ನಾನು.

ಮೊದಲ ಎರಡು ವಾರ ಮಂಡಿಯೂರಿ ಎಲ್ಲರ ಪಾದವನ್ನೂ ನೋಡಿದ್ದೆ. ದೊಡ್ಡ ಡಾಕ್ಟರು ಗಡಿಯಾರ ನೋಡಿಕೊಂಡು "ಏನಮ್ಮಾ, ಇನ್ನೂ ಕಾಲು ಹಿಡ್ಕೊಂಡೇ ಕೂತಿದೀಯಾ?" ಎಂದು ಎಲ್ಲರೆದುರು ನಕ್ಕರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮೂರನೆಯ ವಾರದಿಂದ ಬೆಳಿಗ್ಗೆ ಚಹಾ ಕುಡಿಯುತ್ತ, ರೋಗಿಗಳು ಮೆಟ್ಟಿಲು ಹತ್ತುವ ಮೊದಲೇ, ಆ ದಿನದ ಅಷ್ಟೂ ಹಾಳೆಗೆ ಸಾಲಾಗಿ ಗುರುತು ಹಾಕಿ ಮುಗಿಸುತ್ತಿದ್ದೆ. ಅವತ್ತು ಆ ಕಪ್ಪು ಬೆರಳುಗಳ ಎದುರು ಕೂತಾಗ ನನ್ನ ಮೇಜಿನ ಮೇಲೆ ಟೈಲರ ಎಂಟನೆಯ ವಾರದ ಹಾಳೆ ಇತ್ತು. ಅದರಲ್ಲಿ ಆಗಲೇ 'ಸರಿಯಿದೆ' ಎಂದಿತ್ತು. ನನಗೆ ಆ ಕಾಲಿಗಿಂತ ಆ ಹಾಳೆಯ ಮೇಲೆ ಅಸಹ್ಯವಾಯಿತು.

ಕಾರಿಡಾರಿನಲ್ಲಿ ಕಾಯುತ್ತಿದ್ದ ಟೈಲರ ಹೆಂಡತಿಯನ್ನು ಆಯಾ ಒಳಗೆ ಕರೆತಂದಳು. ಆಕೆ ಗಂಡನ ಕಾಲು ನೋಡಿ ಅಳಲಿಲ್ಲ. ನನ್ನನ್ನು ನೋಡಿದರು.

"ನಾಲ್ಕು ವಾರದ ಹಿಂದೆ ನಿಮಗೆ ಹೇಳಿದ್ನಲ್ಲ ಸಿಸ್ಟರ್. ಇವರ ಕಾಲ್ಚೀಲ ಒಗೆಯೋವಾಗ ಒಂಥರಾ ವಾಸನೆ ಬರುತ್ತೆ, ಸ್ವಲ್ಪ ನೋಡಿ ಅಂದೆ. ಸಕ್ಕರೆ ವಿಭಾಗ ಎರಡನೇ ಮಹಡೀಲಿ, ಅಲ್ಲಿ ತೋರ್ಸಿ ಅಂದ್ರಿ."

"ಹೌದು" ಎಂದೆ. ನೆನಪಿತ್ತು. ಆಗ ನನ್ನ ಕೈಯಲ್ಲಿ ಫೋನಿತ್ತು.

"ಹೋದೆ. ಸಂಶೋಧನೆಗೆ ಸೇರಿದವರನ್ನ ನಾವು ಮುಟ್ಟೋ ಹಾಗಿಲ್ಲ, ಮೇಲಕ್ಕೇ ಹೋಗಿ ಅಂದ್ರು. ಮೇಲೆ ಬಂದ್ರೆ ನೀವು ಊಟಕ್ಕೆ ಹೋಗಿದ್ರಿ. ಸಕ್ಕರೆಯವರು ಬರಿಗಾಲಲ್ಲಿ ಇರ್ಬಾರ್ದು ಅಂತ ಇವರು ಮನೇಲೂ ಕಾಲ್ಚೀಲ ಕಳಚಲ್ಲ, ಬಿಚ್ಚಿ ನೋಡೋಣ ಅಂದ್ರೆ ನನಗೇ ಬೈದ್ರು. ನಿನ್ನ ಮೂಗು ಹೆಚ್ಚೋ, ಆಸ್ಪತ್ರೆ ಹೆಚ್ಚೋ? ನೋಡು, ಇಲ್ಲಿ ಬರೆದಿದಾರೆ ಅಂತ ನೀವು ಕೊಟ್ಟ ಹಾಳೆ ತೋರಿಸಿದ್ರು."

ವಾರವಾರವೂ ನಮೂನೆಯ ಒಂದು ಪ್ರತಿಯನ್ನು ರೋಗಿಗೆ ಕೊಡುವುದು ನಮ್ಮ ಪದ್ಧತಿ. ಟೈಲರ್ ಏಳನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೋಪಾನವಾಗಿ ಇಟ್ಟುಕೊಂಡಿದ್ದರು. ಹೆಂಡತಿಯ ಮೂಗನ್ನು ನಂಬದೆ ನನ್ನ ಪೆನ್ನನ್ನು ನಂಬಿದ್ದರು.

ಅಷ್ಟರಲ್ಲಿ ದೊಡ್ಡ ಡಾಕ್ಟರು ಬಂದರು. ಬಾಗಿಲಲ್ಲೇ ನಿಂತು, ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು, "ಸರ್ಜರಿಗೆ ಕಳಿಸಿ, ಬೇಗ" ಎಂದರು. ಟೈಲರ್ ಆ ಸ್ಥಿತಿಯಲ್ಲೂ ಎದ್ದು ನಿಲ್ಲಲು ನೋಡಿದರು. ಡಾಕ್ಟರು ಅವರ ಕಡೆ ನೋಡದೆ ಹೋದರು. ಗೋಡೆಯ ಮೇಲಿನವಳು ಮಾತ್ರ ಹಲ್ಲು ಬಿಟ್ಟುಕೊಂಡೇ ಇದ್ದಳು.

ಮಧ್ಯಾಹ್ನ ನನ್ನನ್ನು ತಮ್ಮ ಕೋಣೆಗೆ ಕರೆಸಿದರು. ಸಾಬೂನು ಹಾಕಿ ಕೈ ಉಜ್ಜಿ ಉಜ್ಜಿ ತೊಳೆಯುತ್ತಿದ್ದರು, ಆ ಕಾಲನ್ನು ಮುಟ್ಟಿದವರು ತಾವೇ ಎಂಬಂತೆ. ಮೇಜಿನ ಮೇಲೆ ಒಂದು ಪತ್ರವಿತ್ತು, ಅಧ್ಯಯನಗಳ ಮೇಲೆ ಕಣ್ಣಿಡುವ ಸಮಿತಿಗೆ. 'ರೋಗಿಯು ಪಾದದ ಗಾಯವನ್ನು ಸಿಬ್ಬಂದಿಯಿಂದ ಮುಚ್ಚಿಟ್ಟಿರುತ್ತಾರೆ. ಇದು ನಿಯಮದ ಉಲ್ಲಂಘನೆ. ಆದ್ದರಿಂದ ಇವರನ್ನು ಅಧ್ಯಯನದಿಂದ ಕೈಬಿಡಲಾಗಿದೆ.'

"ಕೈಬಿಟ್ರೆ ಮಾತ್ರೆ ನಿಲ್ಲುತ್ತೆ ಸರ್" ಎಂದೆ. "ಅವರಿಗೆ ಬೇರೆ ಔಷಧಿ ಉಳಿದಿಲ್ಲ. ನಾಲ್ಕು ತಿಂಗಳೂ ಇರಲ್ಲ."

"ನಂಗೆ ಗೊತ್ತಿಲ್ವಾ? ಬೇಜಾರಿನ ವಿಷಯ. ಆದ್ರೆ ನಿನ್ನ ಹಾಳೆಗಳೇ ಹೇಳ್ತವೆ ನೋಡು. ಏಳು ವಾರ ಸರಿಯಿದೆ, ಸರಿಯಿದೆ, ಸರಿಯಿದೆ. ಅಂದ್ರೆ ಗಾಯ ಆಗಿದ್ದು ಆಮೇಲೆ, ಆತ ಮುಚ್ಚಿಟ್ಟ." ಒಂದೊಂದೇ ಬೆರಳನ್ನು ಟವೆಲಿನಿಂದ ಒರೆಸಿಕೊಂಡರು. "ನಾನು ನಿನ್ನನ್ನ ಉಳಿಸ್ತಾ ಇದೀನಿ. ಅರ್ಥ ಆಯ್ತಾ?"

ಅರ್ಥವಾಯಿತು. ಆರು ವಾರಗಳಿಂದ ನಾನು ಯಾರ ಪಾದವನ್ನೂ ನೋಡುತ್ತಿಲ್ಲವೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಸುಮ್ಮನಿದ್ದರು, ಈಗ ಗೊತ್ತಿದ್ದೇ ನನ್ನ ಸುಳ್ಳಿನಿಂದ ಟೈಲರ ಕುತ್ತಿಗೆಗೆ ಹಗ್ಗ ಹೊಸೆಯುತ್ತಿದ್ದರು. ತಿಪ್ಪೆ ಸಾರಿಸುವುದರಲ್ಲಿ ಪಳಗಿದ ಕೈ. ತಟ್ಟೆಯಿಂದ ಒಂದು ಬಿಸ್ಕತ್ತು ತೆಗೆದುಕೊಂಡು ತಟ್ಟೆಯನ್ನು ನನ್ನ ಕಡೆಗೂ ತಳ್ಳಿದರು. ನಾನು ಬಿಸ್ಕತ್ತು ತೆಗೆದು ಬಾಯಿಗಿಟ್ಟುಕೊಂಡೆ. ಯಾಕೆ ತೆಗೆದುಕೊಂಡೆನೋ ತಿಳಿಯದು. ಹೊರಗೆ ಬಂದು ಕಸದ ಬುಟ್ಟಿಗೆ ಉಗಿದೆ.

ಶೌರ್ಯದ ಕಥೆ ಹೇಳುತ್ತಿಲ್ಲ. ಎರಡು ದಿನ ಸುಮ್ಮನಿದ್ದೆ. ಕೆಲಸ ಹೋದರೆ ಏನು ಗತಿ, ಎಲ್ಲರೂ ಹಾಗೇ ಮಾಡುತ್ತಾರಲ್ಲ, ನಾನೊಬ್ಬಳೇನಾ ಎಂದು ನನಗೆ ನಾನೇ ಬೆಣ್ಣೆ ಹಚ್ಚಿಕೊಂಡೆ. ಆ ಎರಡು ದಿನದಲ್ಲಿ ಟೈಲರ ಎರಡು ಬೆರಳು ತೆಗೆದರು. ಮೂರನೆಯ ದಿನ ಆಯಾ ನನ್ನ ಮೇಜು ಒರೆಸಲು ಬಂದು, ಮೇಜು ಒರೆಸದೆ, "ಇಲಿ ಸಿಕ್ತಲ್ಲ ಸಿಸ್ಟರ್, ಇನ್ನೇನು ಯೋಚ್ನೆ?" ಎಂದಳು. ಸಿಟ್ಟು ಬಂತು. ಅವಳ ಮೇಲಲ್ಲ. ಅವಳು ಅತ್ತ ಹೋಗುತ್ತಲೇ ಸಮಿತಿಗೆ ನಾಲ್ಕು ಸಾಲು ಬರೆದೆ: ಮೂರನೆಯ ವಾರದಿಂದ ಎಂಟನೆಯ ವಾರದವರೆಗೆ ಇಪ್ಪತ್ತಾರು ರೋಗಿಗಳಲ್ಲಿ ಒಬ್ಬರ ಪಾದವನ್ನೂ ನಾನು ನೋಡಿಲ್ಲ. ನೋಡಿದ್ದೇನೆಂದು ಗುರುತು ಹಾಕಿದ್ದೇನೆ. ಈ ರೋಗಿಯ ಹೆಂಡತಿ ನನಗೆ ತಿಳಿಸಿದ್ದರು. ಮುಚ್ಚಿಟ್ಟದ್ದು ನಾವು.

ಸಮಿತಿಯವರು ಒಂದು ವಾರ ತೆಗೆದುಕೊಂಡರು. ತಪ್ಪು ರೋಗಿಯದ್ದಲ್ಲ, ಗಾಯ ಒಣಗಿದ ಮೇಲೆ ಮಾತ್ರೆ ಮುಂದುವರಿಸಬೇಕು ಎಂದರು. ಇಪ್ಪತ್ತಾರು ಜನರ ಕಾಲನ್ನೂ ಬೇರೆಯವರಿಂದ ನೋಡಿಸಿದರು. ಇನ್ನೊಬ್ಬರ ಹಿಮ್ಮಡಿಯಲ್ಲಿ ಹುಣ್ಣು ಸಿಕ್ಕಿತು, ಚಿಕ್ಕದು. ನನ್ನನ್ನು ಅಧ್ಯಯನದಿಂದ ತೆಗೆದು ನೋಟಿಸು ಕೊಟ್ಟರು. ಅದು ಸರಿಯೇ. ದೊಡ್ಡ ಡಾಕ್ಟರು ಸಭೆಯಲ್ಲಿ 'ಒಬ್ಬ ಸಿಬ್ಬಂದಿಯ ಲೋಪ' ಎಂದು ಎರಡು ಮಾತಿನಲ್ಲಿ ಮುಗಿಸಿ, ರೋಗಿಯನ್ನು ಉಳಿಸಿಕೊಳ್ಳಲು ತಾವು ಎಷ್ಟು ಹೋರಾಡಿದೆವೆಂದು ಇಪ್ಪತ್ತು ನಿಮಿಷ ಹೇಳಿದರಂತೆ. ಯಾರೂ ಎದ್ದು ಹೊರಗೆ ಹೋಗಲಿಲ್ಲವಂತೆ.

ಟೈಲರಿಗೆ ವಿಷಯ ತಿಳಿಸಲು ನಾನೇ ಹೋದೆ. ಸರ್ಜರಿ ವಾರ್ಡಿನ ಕಿಟಕಿಯ ಪಕ್ಕದ ಮಂಚ. ಕಾಲಿಗೆ ದಪ್ಪ ಬ್ಯಾಂಡೇಜು. ಹೆಂಡತಿ ಸ್ಟೂಲಿನಲ್ಲಿ ಕೂತು ಸೇಬು ಹೆಚ್ಚುತ್ತಿದ್ದರು. ನನ್ನನ್ನು ಕಂಡು ಚಾಕು ನಿಲ್ಲಿಸಿದರು, ಕೂತುಕೊಳ್ಳಿ ಎನ್ನಲಿಲ್ಲ.

"ಮಾತ್ರೆ ಮುಂದುವರಿಸ್ತಾರೆ. ಸಮಿತಿ ಒಪ್ಪಿದೆ" ಎಂದೆ.

ಟೈಲರ ಮುಖ ಅರಳಿತು. "ದೊಡ್ಡ ಡಾಕ್ಟರು ದೊಡ್ಡ ಮನಸ್ಸು ಮಾಡಿದ್ರು."

"ಅವರಲ್ಲ. ಆರು ವಾರ ನಾನು ನಿಮ್ಮ ಕಾಲು ನೋಡೇ ಇರಲಿಲ್ಲ. ನೀವು ಬರೋಕೆ ಮೊದ್ಲೇ ಸರಿಯಿದೆ ಅಂತ ಗುರುತು ಹಾಕಿಡ್ತಿದ್ದೆ. ಅದನ್ನ ಬರೆದುಕೊಟ್ಟೆ. ಅದಕ್ಕೇ ನಿಮ್ಮನ್ನ ಉಳಿಸಿಕೊಂಡ್ರು."

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗಿ ಎದ್ದು ಬರುತ್ತಿದ್ದೆ, ಒಳಗೊಳಗೆ ಅದಕ್ಕೇ ಹೋಗಿದ್ದೆನೋ ಏನೋ. ಅವರು ಸುಮ್ಮನೆ ಬ್ಯಾಂಡೇಜಿನ ಕಡೆ ನೋಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ನೀನು ಹೇಳಿದ್ದೇ ಸರಿ ಕಣೇ" ಎಂದರು. ಆಕೆ ಸೇಬಿನ ಹೋಳನ್ನು ಅವರ ಕೈಗಿಟ್ಟರು. ಅವರು ತಿನ್ನಲಿಲ್ಲ.

"ಸಿಸ್ಟರ್, ಒಂದು ಮಾತು. ನನ್ನ ಕ್ಯಾನ್ಸರ್ ಇಳಿದಿದೆ ಅಂತ ಅದೇ ಹಾಳೇಲಿ ಬರೆದಿದೀರಲ್ಲ, ಮೊದಲನೇ ಪುಟದಲ್ಲಿ?"

"ಹೌದು."

"ಅದನ್ನ ನೋಡಿ ಬರೆದ್ರಾ?"

"ಅದು ನನ್ನದಲ್ಲ, ಲ್ಯಾಬಿನಿಂದ ಬರೋ ಸಂಖ್ಯೆ."

"ಅಲ್ಲಿ ಬರೆಯೋರು ನೋಡಿ ಬರೀತಾರಾ?"

ಹೌದು ಎನ್ನಲು ಬಾಯಿ ತೆರೆದೆ. ಲ್ಯಾಬಿನವನ ಮುಖ ಕಣ್ಣೆದುರು ಬಂತು, ಅವನೂ ಬೆಳಿಗ್ಗೆ ನನ್ನ ಜೊತೆಯಲ್ಲೇ ಚಹಾ ಕುಡಿಯುತ್ತಿದ್ದವನು. ಗಂಡ ಹೆಂಡತಿ ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು.