ಹಾಕಿದ್ಯಾ? ಹಾಕಿದೀನಿ!

ಬಿಸಿನೀರಿಲ್ಲದ ಮೂರನೆಯ ಬೆಳಗ್ಗೆ. ಸಿಸ್ಟರಮ್ಮ ಕ್ಯಾರವಾನಿನ ಪುಟ್ಟ ಸಿಂಕಿನ ಕೆಳಗಿನ ಗೂಡಿನೊಳಗೆ ಅರ್ಧ ಮೈ ತೂರಿಸಿಕೊಂಡು ಕುಳಿತಿದ್ದಳು. ಅದೇ ಗೋಡೆಯ ಆಚೆ ಬದಿಗೆ, ಹೊರಗೆ ಹುಲ್ಲಿನ ಮೇಲೆ, ಗೀಸರಿನ ಮುಚ್ಚಳ ಬಿಚ್ಚಿಟ್ಟುಕೊಂಡು ಅವಳ ಗಂಡ ಮೇಷ್ಟ್ರು ಕುಳಿತಿದ್ದರು. ನಡುವೆ ಇದ್ದದ್ದು ಎರಡು ಬೆರಳು ದಪ್ಪದ ತಗಡಿನ ಗೋಡೆ, ಮತ್ತೆ ಮೂವತ್ತೊಂದು ವರ್ಷದ ಸಂಸಾರ.

“ಹಾಕಿದ್ಯಾ?”

“ಹಾಕಿದೀನಿ!”

ಗೀಸರ್ ಟಿಕ್ ಟಿಕ್ ಟಿಕ್ ಎಂದು ಕಿಡಿ ಹಾರಿಸಿತು. ಬೆಂಕಿ ಹತ್ತಲಿಲ್ಲ. ಕೆಂಪು ದೀಪ ತೋರಿಸಿ, ನನ್ನ ಕೆಲಸ ಮುಗಿಯಿತು ಎಂಬಂತೆ ಸುಮ್ಮನಾಯಿತು.

“ಥತ್! ತೆಗಿ!”

“ತೆಗ್ದೆ!”

ಮೇಷ್ಟ್ರು ನಿವೃತ್ತ ಡ್ರಿಲ್ ಮೇಷ್ಟ್ರು. ಮೈದಾನದ ಈ ತುದಿಯಲ್ಲಿ ನಿಂತು ಆ ತುದಿಯ ಮಕ್ಕಳ ಬೆನ್ನು ನೆಟ್ಟಗೆ ಮಾಡಿಸಿದ ಗಂಟಲು ಅವರದು. ಒಂದು ಪದದಲ್ಲಿ ಮುಗಿಯುವುದಕ್ಕೆ ಅವರು ಎರಡು ಪದ ಖರ್ಚು ಮಾಡಿದವರಲ್ಲ. ಸಿಸ್ಟರಮ್ಮನೂ ಕಮ್ಮಿಯಿಲ್ಲ. ನಲವತ್ತು ಹಾಸಿಗೆಯ ವಾರ್ಡಿಗೆ ಹೆಡ್ ಆಗಿದ್ದವಳು. ಡಾಕ್ಟರು ಹೇಳಿದ್ದನ್ನು ಹೇಳಿದ ಹಾಗೆ ಮಾಡಿ, ಮಾಡಿದ್ದನ್ನು ಬಾಯಿಬಿಟ್ಟು ಹೇಳುವುದು ಅವಳ ಕೈಗೂ ನಾಲಿಗೆಗೂ ಹತ್ತಿದ ಅಭ್ಯಾಸ. ಇಬ್ಬರೂ ಒಂದೇ ತಿಂಗಳಲ್ಲಿ ನಿವೃತ್ತರಾದಾಗ ಕ್ಯಾರವಾನ್ ತೆಗೆದುಕೊಳ್ಳೋಣ ಎಂದವರು ಮೇಷ್ಟ್ರು. ಅವಳು ಒಡ್ಡಿದ ಷರತ್ತು ಒಂದೇ. ರೋಗಿಗಳನ್ನು ಎತ್ತಿ ಇಳಿಸಿ ಸೋತ ಸೊಂಟಕ್ಕೆ ದಿನಾ ಬಿಸಿನೀರು ಬೀಳಬೇಕು. “ಅದೇನು ಮಹಾ!” ಎಂದಿದ್ದರು ಮೇಷ್ಟ್ರು.

ಆ ಅದೇನು ಮಹಾ ಮೂರು ದಿನದಿಂದ ನಡೆದಿತ್ತು. ಸಿಂಕಿನ ಕೆಳಗೆ ಗ್ಯಾಸಿನ ಕೊಳವೆ ಮೂರು ಕವಲಾಗಿ, ಒಂದು ಒಲೆಗೆ, ಒಂದು ಫ್ರಿಜ್ಜಿಗೆ, ಒಂದು ಗೀಸರಿಗೆ ಹೋಗಿತ್ತು. ಗೀಸರಿನ ಕವಲಿಗೆ ಒಂದು ಕೆಂಪು ಹಿಡಿ. ಅದಕ್ಕೇನು ಹೆಸರೋ ಗೊತ್ತಿಲ್ಲದ ಮೇಷ್ಟ್ರು ಮೊದಲ ದಿನವೇ, “ಆ ಕೆಂಪು ಚಿಲಕ ಇದೆಯಲ್ಲ, ಅದು ನಿನ್ನ ಜವಾಬ್ದಾರಿ. ಹಾಕು ಅಂದಾಗ ಹಾಕು, ತೆಗಿ ಅಂದಾಗ ತೆಗಿ,” ಎಂದು ಅವಳನ್ನು ಒಳಗೆ ಕೂರಿಸಿ, ತಾವು ಹೊರಗಿನ ಯಂತ್ರದ ಮುಂದೆ ಪದ್ಮಾಸನ ಹಾಕಿದ್ದರು. ಅಲ್ಲಿಂದ ಎದ್ದದ್ದು ಊಟಕ್ಕೆ, ನಿದ್ದೆಗೆ ಮಾತ್ರ.

ಮೊದಲು ಬ್ಯಾಟರಿಯ ಮೇಲೆ ಅನುಮಾನ ಬಂತು. ಬ್ಯಾಟರಿ ಗಟ್ಟಿಮುಟ್ಟಾಗಿತ್ತು. ಆಮೇಲೆ ಬರ್ನರಿನ ಕೊಳವೆಯಲ್ಲಿ ಜೇಡರಬಲೆ ಸಿಕ್ಕಿತು. ಕಳ್ಳ ಸಿಕ್ಕಿಬಿದ್ದ ಎಂದು ಮೇಷ್ಟ್ರು ಹಿರಿಹಿರಿ ಹಿಗ್ಗಿ ಅದನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೆಗೆದರು. ಬ್ರಷ್ಷು ಸಿಸ್ಟರಮ್ಮನದು. “ಹಳೇದು ಅಂದ್ಕೊಂಡೆ,” ಎಂದರು. ಜೇಡ ಹೋಯಿತು, ಬ್ರಷ್ಷು ಹೋಯಿತು, ನೀರು ಮಾತ್ರ ತಣ್ಣಗೇ ಇತ್ತು. ಕ್ಯಾರವಾನ್ ಮಾರಿದವನಿಗೆ ಫೋನ್ ಮಾಡಿದರೆ ಅವನು, “ಗೀಸರಿಗೆ ಗ್ಯಾಸ್ ಹೋಗ್ತಿದ್ಯಾ ನೋಡಿ ಸಾರ್,” ಎಂದ. “ಒಲೆ ಧಗಧಗ ಉರೀತಿದೆ, ಹೋಗದೆ ಏನು? ನನಗೇ ಪಾಠ ಹೇಳ್ತಾನೆ!” ಎಂದು ಮೇಷ್ಟ್ರು ಫೋನ್ ಇಟ್ಟರು.

ಸಿಸ್ಟರಮ್ಮ ಹಾಲಿನ ಪಾತ್ರೆಯಲ್ಲಿ ನೀರು ಕಾಯಿಸಿ, ಮೊದಲ ಕಂತಿನಲ್ಲಿ ಕೈಕಾಲು, ಎರಡನೆಯ ಕಂತಿನಲ್ಲಿ ಬೆನ್ನು ಎಂದು ಸ್ನಾನ ಮಾಡುತ್ತಿದ್ದಳು. ಎರಡನೆಯದು ಕಾಯುವಷ್ಟರಲ್ಲಿ ಮೊದಲನೆಯದು ಮರಗಟ್ಟುತ್ತಿತ್ತು. ಅದನ್ನೂ ಅವಳು ಸಹಿಸಿಕೊಂಡಳು. ಸಹಿಸಲಾಗದೆ ಹೋದದ್ದು ಆ ಬೆಳಗ್ಗೆ ಕೆಂಪು ದೀಪ ನಾಲ್ಕನೆಯ ಸಲ ಹತ್ತಿದಾಗ ಆದದ್ದು.

ಮೇಷ್ಟ್ರು ಹುಲ್ಲಿನ ಮೇಲೆ ಎದ್ದು ನಿಂತು ಗಂಟಲು ಹರಿಯುವಂತೆ ಕೂಗಿದರು. “ಒಂದು ಚಿಲಕ ಹಾಕೋಕೂ ಬರಲ್ವೇನೇ ನಿನಗೆ? ತಲೇಲಿ ಮಿದುಳಿದ್ಯೋ ಮಣ್ಣಿದ್ಯೋ?”

ಕ್ಯಾರವಾನುಗಳು ತಂಗುವ ಆ ಮೈದಾನದಲ್ಲಿ ಇವರದು ಬಿಟ್ಟು ಇನ್ನೂ ಏಳು ಕ್ಯಾರವಾನುಗಳಿದ್ದವು. ಬಟ್ಟೆ ಒಣಹಾಕುತ್ತಿದ್ದ ಹೆಂಗಸಿನ ಕೈ ತಂತಿಯ ಮೇಲೆ ನಿಂತಿತು. ನಾಯಿ ಹಿಡಿದುಕೊಂಡು ಹೊರಟಿದ್ದವನು ನಾಯಿಯ ಕಡೆ ನೋಡಿದ. ಸಿಸ್ಟರಮ್ಮನಿಗೆ ಕಿವಿಯವರೆಗೂ ಬಿಸಿಯೇರಿತು. ಮೂವತ್ತು ವರ್ಷ ಒಬ್ಬ ಡಾಕ್ಟರೂ ಅವಳಿಗೆ ಹಾಗೆ ಅಂದಿರಲಿಲ್ಲ. ಅವಳು ಗೂಡಿನಿಂದ ಹೊರಗೆ ಬಂದು ಬಟ್ಟೆಗಳನ್ನು ಚೀಲಕ್ಕೆ ತುಂಬಿದಳು.

“ಏನಿದು?” ಮೇಷ್ಟ್ರು ಬಾಗಿಲಿಂದ ಇಣುಕಿದರು.

“ಎರಡು ಗಂಟೆಗೆ ಗೇಟಿಗೆ ಬಸ್ಸು ಬರುತ್ತಂತೆ. ನಾನು ಮನೆಗೆ ಹೋಗ್ತೀನಿ. ನೀವು ಮಿದುಳಿರೋರು, ಊರೆಲ್ಲ ಸುತ್ಕೊಂಡು ಬನ್ನಿ.”

ಮೇಷ್ಟ್ರ ಮುಖ ಸಪ್ಪಗಾಯಿತು. ಅವಳಿಲ್ಲದೆ ಹೋಗಬೇಕಾದ ಯಾವ ಊರೂ ಅವರ ಪಟ್ಟಿಯಲ್ಲಿರಲಿಲ್ಲ. ಅದನ್ನು ಹೇಳುವ ಬದಲು ಅವರು ಹೇಳಿದ್ದು, “ಇದೊಂದು ಸಲ ನೋಡೋಣ. ಗ್ಯಾಸ್ ಕೊಳವೆಯ ನಟ್ಟೇ ಬಿಚ್ತೀನಿ. ನೀನು ಚಿಲಕದ ಹತ್ರ ಕೂತ್ಕೋ.”

ಬಸ್ಸಿಗೆ ಇನ್ನೂ ಮೂರು ತಾಸು ಇತ್ತು. ಅವಳು ಮತ್ತೆ ಗೂಡಿನೊಳಗೆ ತೂರಿದಳು.

“ನಟ್ಟಿಗೆ ಕೈ ಹಾಕ್ತಿದೀನಿ. ತೆಗಿ!”

“ತೆಗ್ದೆ!”

ಸ್ಪ್ಯಾನರು ಕಿರ್ರೆಂದಿತು. ಮರುಕ್ಷಣ ಬುಸ್ಸೆಂಬ ಸದ್ದು, ಹಿಂದೆಯೇ ಮೂಗಿಗೆ ಬಡಿದ ಗ್ಯಾಸಿನ ವಾಸನೆ.

“ಅಯ್ಯೋ ಗ್ಯಾಸು! ತೆಗಿ ತೆಗಿ ತೆಗಿ!”

“ತೆಗ್ದಿದೀನಿ ಕಣ್ರೀ!”

“ಪೂರ್ತಿ ತೆಗಿಯೇ!”

“ಪೂರ್ತಿ ತೆಗ್ದಿದೀನಿ! ಇನ್ನೇನು, ಕಿತ್ತು ಕೈಗೆ ಕೊಡ್ಲಾ?”

ಅಷ್ಟರಲ್ಲಿ ಅವಳ ಕೈ ಹಾಲಿನ ಪಾತ್ರೆಯಡಿ ಉರಿಯುತ್ತಿದ್ದ ಒಲೆಯನ್ನು ಆರಿಸಿ ಕಿಟಕಿಗಳನ್ನು ತೆರೆದಾಗಿತ್ತು. ಮೇಷ್ಟ್ರು ಎದ್ದೆನೋ ಬಿದ್ದೆನೋ ಎಂದು ಮುಂಭಾಗಕ್ಕೆ ಓಡಿ ಸಿಲಿಂಡರಿನ ಕತ್ತನ್ನೇ ತಿರುಗಿಸಿ ನಿಲ್ಲಿಸಿದರು. ವಾಸನೆ ಹೋದ ಮೇಲೆ ಏದುಸಿರು ಬಿಡುತ್ತ ಒಳಗೆ ಬಂದು ಗೂಡಿಗೆ ಬಗ್ಗಿದರು. ಕೆಂಪು ಹಿಡಿ ಕೊಳವೆಯ ಉದ್ದಕ್ಕೆ ನೇರವಾಗಿತ್ತು.

“ಇದು ಆನ್ ಆಗಿದ್ಯಲ್ಲೇ!”

“ಹೂಂ. ತೆಗಿ ಅಂದ್ರಿ, ತೆಗ್ದೆ.”

“ತೆಗಿ ಅಂದ್ರೆ ಆಫ್ ಮಾಡು ಅಂತ! ಲೈಟ್ ಹಾಕು, ಗೀಸರ್ ಹಾಕು ಅಂದ್ರೆ ಆನ್. ತೆಗಿ ಅಂದ್ರೆ ಆಫ್.”

“ಬಾಗಿಲು ಹಾಕು ಅಂದ್ರೆ ಏನ್ರೀ ಮಾಡ್ತೀರಾ?”

“ಮುಚ್ತೀನಿ.”

“ಚಿಲಕ ಹಾಕು ಅಂದ್ರೆ?”

ಮೇಷ್ಟ್ರ ಕಣ್ಣು ಕೆಂಪು ಹಿಡಿಯಿಂದ ಕ್ಯಾರವಾನಿನ ಬಾಗಿಲ ಚಿಲಕಕ್ಕೆ ಹೋಯಿತು.

“ಚಿಲಕ ಅಂತ ಹೆಸರಿಟ್ಟಿದ್ದು ಯಾರು, ನಾನಾ? ಮೂರು ದಿನದಿಂದ ನೀವು ಹಾಕು ಅಂದಾಗೆಲ್ಲ ಹಾಕಿದೀನಿ. ಹೇಳಿದ ಹಾಗೇ ಮಾಡಿದೀನಿ.”

ಮೇಷ್ಟ್ರು ನಟ್ಟು ಬಿಗಿ ಮಾಡಿದರು. ಸಿಸ್ಟರಮ್ಮ ಸಿಲಿಂಡರನ್ನು ಮತ್ತೆ ಆನ್ ಮಾಡಿ, ಹಿಡಿಯನ್ನು ನೇರವಾಗೇ ಬಿಟ್ಟು, ನಟ್ಟಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುವುದಿಲ್ಲವೆಂದು ಎರಡೆರಡು ಸಲ ನೋಡಿದಳು. ಈ ಸಲ ಯಾರೂ ಏನನ್ನೂ ಕೂಗಲಿಲ್ಲ. ಟಿಕ್ ಟಿಕ್ ಎಂದ ಗೀಸರ್ ಭಗ್ಗನೆ ಹೊತ್ತಿಕೊಂಡು ನೀಲಿಯಾಗಿ ಉರಿಯತೊಡಗಿತು.

ಮೇಷ್ಟ್ರು ಸ್ಪ್ಯಾನರನ್ನು ಪಂಚೆಗೆ ಒರೆಸುತ್ತ, ಪಿಸುದನಿಯಲ್ಲಿ, “ತಪ್ಪಾಯ್ತು ಕಣೇ,” ಎಂದರು. ಸಂಸಾರದಲ್ಲಿ ಅವಳು ಆ ಮಾತು ಕೇಳಿದ್ದು ಅದೇ ಮೊದಲು. ಆದರೂ ಎದೆಯೊಳಗಿನ ಉರಿ ಆರಲಿಲ್ಲ.

“ಬೈದಿದ್ದು ಮೈದಾನಕ್ಕೆಲ್ಲ ಕೇಳಿಸ್ತು. ತಪ್ಪಾಯ್ತು ಅನ್ನೋದು ಮಾತ್ರ ನನ್ನೊಬ್ಬಳ ಕಿವಿಗಾ?” ಎಂದಳು. “ಸ್ನಾನ ಮಾಡ್ತೀನಿ. ಆಮೇಲೆ ಬಸ್ಸು.”

ನೀರು ಕಾಯಲಿ, ಮೈ ಒರೆಸುವ ಟವೆಲ್ಲನ್ನು ಚೀಲದಿಂದ ಹುಡುಕಿ ತೆಗೆಯಲಿ ಎಂದು ಹೊತ್ತು ಸರಿದು ಒಂದೂವರೆ ದಾಟಿತು. ಬೀರುವಿನಷ್ಟೇ ಅಗಲದ ಸ್ನಾನದ ಮನೆಯಲ್ಲಿ ಮೊದಲ ಬಿಸಿ ಹನಿಗಳು ಸೊಂಟದ ಮೇಲೆ ಬಿದ್ದಾಗ ಸಿಸ್ಟರಮ್ಮ ಕಣ್ಣು ಮುಚ್ಚಿದಳು. ಆಗಲೇ ಹೊರಗೆ ಯಾರೋ ಯಾರದೋ ಬಾಗಿಲು ತಟ್ಟಿದ ಸದ್ದು. ಹಿಂದೆಯೇ ಡ್ರಿಲ್ ಮೇಷ್ಟ್ರ ಗಂಟಲು.

“ಬೆಳಗ್ಗೆ ನಾನು ಹೆಂಡತೀನ ಬೈದಿದ್ದು ನಿಮಗೆ ಕೇಳಿಸ್ತಲ್ವಾ?”

“ಕೇಳಿಸ್ತು ಸಾರ್. ಆ ಕೊನೆಯವರೆಗೂ ಕೇಳಿಸ್ತು.” ನಾಯಿಯವನ ದನಿ.

“ಅವಳದು ತಪ್ಪಲ್ಲ. ನಂದು. ನಾನು ಹೇಳಿದ್ದನ್ನ ಅವಳು ಸರಿಯಾಗೇ ಮಾಡಿದ್ಲು. ಹೇಳೋಕೆ ಬರದೆ ಇದ್ದಿದ್ದು ನನಗೆ.”

ಎರಡನೆಯ ಬಾಗಿಲು ತಟ್ಟಿದ್ದೂ ಕೇಳಿಸಿತು. ಮಾತು ಮಾತ್ರ ಷವರಿನ ಸದ್ದಿನಲ್ಲಿ ಮುಳುಗಿತು. ಮೂರು ದಿನ ಕಾದು ಕಾದು ಸಿಕ್ಕಿದ್ದ ಬಿಸಿನೀರನ್ನು ಸಿಸ್ಟರಮ್ಮ ತಟ್ಟನೆ ನಿಲ್ಲಿಸಿದಳು. ತಲೆಯ ತುಂಬ ನೊರೆ, ಮೈಯೆಲ್ಲ ಚಳಿ. ಹಲ್ಲು ಕಟಕಟಿಸದಂತೆ ಬಿಗಿಹಿಡಿದು ಕಿಟಕಿಗೆ ಕಿವಿಯಿಟ್ಟು ನಿಂತಳು. “ಅವಳದು ತಪ್ಪಲ್ಲ,” ಎನ್ನುತ್ತಿತ್ತು ದನಿ, ಒಂದಿಷ್ಟೂ ತಗ್ಗದೆ. ಗೇಟಿನ ಬಳಿ ಬಸ್ಸು ಉದ್ದಕ್ಕೆ ಹಾರ್ನ್ ಹೊಡೆಯಿತು. ಹಾಳು ಬಸ್ಸು, ಮೂರನೆಯ ಬಾಗಿಲಲ್ಲಿ ಏನಂದರೋ ಕೇಳಿಸಲೇ ಇಲ್ಲ ಎಂದು ಅವಳು ಶಪಿಸಿದಳು.