ಮೊದಲ ಸೊಪ್ಪು

"ಜ್ವರಕ್ಕೆ ಕೂತವೆ ಕಣವ್ವ, ಏಳ್ತವೆ. ನೀನು ಸುಮ್ಕಿರು," ಎನ್ನುತ್ತಾ ಚೆಲುವಯ್ಯ ಹುಳುಮನೆಯ ಬಾಗಿಲಲ್ಲಿ ನಿಂತು ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ಪಕ್ಕದ ಮನೆ ಕೆಂಚಮ್ಮನಿಗೆ ಹತ್ತು ಗಂಟೆಗೆ ಮರಿಹುಳ ಬರುವುದಿತ್ತು. ಅವಕ್ಕೆ ಮೊದಲ ಸೊಪ್ಪು ಹಾಕುವವನು ಅವನೇ. ಹೊಂಗನೂರಿನ ಆ ಬೀದಿಯಲ್ಲಿ ಯಾರ ಮನೆಗೆ ರೇಷ್ಮೆಹುಳ ಬಂದರೂ ಚೆಲುವಯ್ಯನ ಕೈಗುಣ ಬೇಕು. ಆ ಮಾತನ್ನು ಮೊದಲು ಆಡಿದವರು ಯಾರೋ ಗೊತ್ತಿಲ್ಲ. ಬೀದಿ ಅದನ್ನು ಮರೆಯದ ಹಾಗೆ ನೋಡಿಕೊಂಡವನು ಮಾತ್ರ ಚೆಲುವಯ್ಯನೇ.

ಸೊಸೆ ಲತಾಮಣಿ ದಾರಿ ಬಿಡಲಿಲ್ಲ. "ಜ್ವರ ಆದ್ರೆ ಎಲ್ಲಾ ಒಟ್ಗೆ ಕೂತು ಒಟ್ಗೆ ಏಳ್ಬೇಕು ಮಾವ. ಇವು ಮೂರು ದಿನದಿಂದ ಹಿಂಗೇ ಅವೆ."

ಹುಳ ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಸಾಕುವವರು ಜ್ವರ ಎನ್ನುತ್ತಾರೆ. ಅದು ಕಾಯಿಲೆಯಲ್ಲ, ಬೆಳೆಯುವ ಲಕ್ಷಣ. ನಾಲ್ಕು ಜ್ವರ ಎದ್ದ ಹುಳವೇ ಗೂಡು ಕಟ್ಟುವುದು. ಇವರ ಮನೆಯಲ್ಲಿ ಮೂರನೇ ಜ್ವರವೇ ಮುಗಿದಿರಲಿಲ್ಲ. ಒಂದಷ್ಟು ಹುಳ ಎದ್ದು ಸೊಪ್ಪು ತಿನ್ನುತ್ತಿದ್ದವು, ಒಂದಷ್ಟು ತಲೆಯೆತ್ತಿ ಕೂತೇ ಇದ್ದವು. ಇನ್ನೊಂದಷ್ಟರ ಮೈಮೇಲೆ ಮೆಣಸಿನಪುಡಿ ಉದುರಿಸಿದಂತೆ ಕಪ್ಪು ಚುಕ್ಕೆ.

ಮದುವೆಗೆ ಮುಂಚೆ ಲತಾಮಣಿ ರಾಮನಗರದಲ್ಲಿ, ರೇಷ್ಮೆ ಮೊಟ್ಟೆ ತಯಾರಿಸುವ ಕಡೆ, ಎರಡು ವರ್ಷ ಮೈಕ್ರೋಸ್ಕೋಪಿನ ಮುಂದೆ ಕೂತವಳು. ಮೊಟ್ಟೆಯಿಟ್ಟ ಚಿಟ್ಟೆಯನ್ನು ಕುಟ್ಟಾಣಿಯಲ್ಲಿ ಅರೆದು, ಒಂದು ಹನಿಯನ್ನು ಗಾಜಿನ ಮೇಲಿಟ್ಟು ನೋಡಬೇಕು. ತಾಯಿಯಿಂದ ಮೊಟ್ಟೆಗೆ ದಾಟಿ ಹುಳವನ್ನು ಕೊಲ್ಲುವ ಗಂಟುರೋಗದ ಬೀಜ ಕಂಡರೆ ಮೊಟ್ಟೆಯೆಲ್ಲ ಬೆಂಕಿಗೆ. ಕೆಲಸ ಕಲಿಸಿದ ನಾಹಿದಾ ಮೇಡಂ ಇದರ ಕಥೆಯನ್ನೂ ಹೇಳಿದ್ದರು. ನೂರೈವತ್ತು ವರ್ಷದ ಹಿಂದೆ ಫ್ರಾನ್ಸಿನಲ್ಲಿ ಹುಳ ಸತ್ತು ಊರೂರೇ ಕೈಚೆಲ್ಲಿ ಕೂತಾಗ, ಅದುವರೆಗೆ ಹುಳವನ್ನು ಮುಟ್ಟಿಯೂ ನೋಡದ ಪಾಶ್ಚರ್ ಎಂಬ ವಿಜ್ಞಾನಿ ಬಂದ. ಹೆಂಡತಿ, ಮಗಳನ್ನೂ ಹುಳ ಸಾಕಲು ಕೂರಿಸಿಕೊಂಡು ವರ್ಷಗಟ್ಟಲೆ ಒದ್ದಾಡಿ ಈ ದಾರಿ ಕಂಡುಹಿಡಿದ. "ಅವತ್ತಿಂದ ಇದೇ ಕುಟ್ಟಾಣಿ ಕಣೇ ಲತಾ. ಕಣ್ಣು ಮಾತ್ರ ನಮ್ದು," ಎನ್ನುತ್ತಿದ್ದರು ಮೇಡಂ.

ನಿನ್ನೆ ಅವಳು ಆರು ಹುಳವನ್ನು ಟಿಫನ್ ಡಬ್ಬಿಗೆ ಹಾಕಿಕೊಂಡು ಬಸ್ಸು ಹತ್ತಿ ರಾಮನಗರಕ್ಕೇ ಹೋಗಿದ್ದಳು. ಮೈಕ್ರೋಸ್ಕೋಪಿಗೆ ಮೊಬೈಲು ಹಿಡಿದು ತೆಗೆದ ಫೋಟೋವನ್ನು ಈಗ ಮಾವನ ಮುಂದೆ ಹಿಡಿದಳು.

ಚೆಲುವಯ್ಯ ಕಣ್ಣು ಕಿರಿದು ಮಾಡಿದ. "ಅಕ್ಕಿ ಕಾಳಿದ್ದಂಗವೆ. ಒಳ್ಳೆ ಹೊಳೀತವಲ್ಲ!"

"ಗಂಟುರೋಗ ಮಾವ. ಹುಳದ ಹೊಟ್ಟೇಲಿ, ಹಿಕ್ಕೇಲಿ, ಈ ಮನೆ ದೂಳಲ್ಲಿ, ಎಲ್ಲಾ ಕಡೆ ಇರ್ತವೆ. ನಿಮ್ಮ ಕೈಯಲ್ಲೂ. ಈ ಕೈಲಿ ಕೆಂಚಮ್ಮತ್ತೆ ಮನೆ ಸೊಪ್ಪು ಮುಟ್ಟಿದ್ರೆ ಅವ್ರ ಹುಳಾನೂ ಹೋಯ್ತವೆ, ಬೀದಿ ಹುಳಾನೂ ಹೋಯ್ತವೆ."

"ಈ ಕೈಲಾ?" ಚೆಲುವಯ್ಯನ ದನಿ ಏರಿತು. "ನಲವತ್ತು ವರ್ಷದಿಂದ ಬೀದಿಗೆ ಬೀದಿಯೇ ಈ ಕೈ ನಂಬ್ಕೊಂಡೈತೆ ಕಣಮ್ಮಿ!"

ಲತಾಮಣಿಗೆ ಭಯವಾಯಿತು. ಮದುವೆಯಾಗಿ ಬಂದ ಮೂರು ವರ್ಷದಲ್ಲಿ ಮಾವನಿಗೆ ಒಮ್ಮೆಯೂ ಎದುರಾಡಿದವಳಲ್ಲ. ಆದರೂ ಹಿಂದೆ ಸರಿಯಲಿಲ್ಲ. ಬೆಳಿಗ್ಗೆ ಗೊಬ್ಬರದ ಗುಂಡಿಯ ಪಕ್ಕ ಸಿಕ್ಕಿದ್ದ ಪೇಪರಿನ ಪೊಟ್ಟಣವನ್ನು ಬಿಚ್ಚಿ ಮೆಟ್ಟಿಲ ಮೇಲಿಟ್ಟಳು. ಒಳಗೆ ಚುಕ್ಕೆಚುಕ್ಕೆಯ ಸತ್ತ ಹುಳಗಳು.

"ಇವನ್ನ ಆಯ್ದು ಬಚ್ಚಿಟ್ಟೋರು ಯಾರು ಮಾವ?"

ಚೆಲುವಯ್ಯ ಪೊಟ್ಟಣ ನೋಡಿದ. ಆಮೇಲೆ ಜಗಲಿಯ ಮೇಲೆ ಮೆಲ್ಲಗೆ ಕೂತ.

"ಎರಡ್ನೇ ಜ್ವರ ಎದ್ದಾಗ್ಲೇ ಅನುಮಾನ ಬಂತು ಕಣವ್ವ. ಹೇಳಾಕೆ ಬಾಯೇ ಬರ್ನಿಲ್ಲ."

ಅವಳಿಗೆ ಅಯ್ಯೋ ಅನ್ನಿಸಿತು. ಅಷ್ಟರಲ್ಲಿ ಬೀದಿಯಲ್ಲಿ ಆಟೋ ನಿಂತ ಸದ್ದಾಯಿತು. "ಚೆಲುವಣ್ಣೋ, ಮರಿ ಬಂದ್ವು, ಬಾರಣ್ಣೋ!" ಎಂದು ಕೆಂಚಮ್ಮ ಕೂಗಿದಳು.

ಅಯ್ಯೋ ಎಂದುಕೊಳ್ಳುತ್ತಾ ಕೂರುವ ಹೊತ್ತು ಅದಲ್ಲ. ಲತಾಮಣಿ ಬಕೆಟ್ಟಿಗೆ ಬ್ಲೀಚಿಂಗ್ ಪೌಡರ್ ಹಾಕಿ ಕದಡಿ ಮಾವನ ಮುಂದೆ ತಂದಿಟ್ಟಳು. "ನೀವು ಹೇಳ್ತೀರೋ, ನಾನೇ ಹೋಗಿ ಹೇಳ್ಲೋ?"

ಚೆಲುವಯ್ಯ ಎದ್ದು ಬಕೆಟ್ಟಿಗೆ ಕೈ ಹಾಕಿದ. ಮೊಣಕೈವರೆಗೆ ತೊಳೆದುಕೊಂಡ. ಉಗುರಿನ ಸಂದಿಯನ್ನೂ ತಿಕ್ಕಿದ. ಹುಳುಮನೆಯಲ್ಲಿ ತೊಟ್ಟಿದ್ದ ಅಂಗಿಯನ್ನು ಕಳಚಿ ಅಲ್ಲೇ ಬಿಟ್ಟು, ಲತಾಮಣಿ ತಂದುಕೊಟ್ಟ ಒಗೆದ ಪಂಚೆಯುಟ್ಟು ಬರಿಮೈಯಲ್ಲಿ ಬೀದಿಗಿಳಿದ. ಲತಾಮಣಿ ಗೇಟಿನವರೆಗೆ ಬಂದು ನಿಂತಳು.

ಕೆಂಚಮ್ಮ ಅಂಗೈ ತುಂಬ ಎಳೆ ಹಿಪ್ಪುನೇರಳೆ ಸೊಪ್ಪು ಹಿಡಿದು ಹೊಸ್ತಿಲಲ್ಲಿ ಕಾಯುತ್ತಿದ್ದಳು. "ಇದೇನಣ್ಣ ವೇಷ? ಬಾ, ಒಳಿಕ್ಕೆ ಬಾ."

ಚೆಲುವಯ್ಯ ಬೀದಿಯಲ್ಲೇ ನಿಂತ. ಆಕೆ ಸೊಪ್ಪು ಮುಂದೆ ಚಾಚಿದಾಗ ಎರಡೂ ಕೈಯನ್ನು ಬೆನ್ನ ಹಿಂದಕ್ಕೆ ತೆಗೆದುಕೊಂಡ.

"ನಮ್ಮ ಹುಳುಕ್ಕೆ ಗಂಟುರೋಗ ಬಂದೈತೆ ಕೆಂಚವ್ವ. ಎಲ್ಲಾನೂ ಇವತ್ತೇ ಸುಡ್ತೀವಿ. ನಾನು ಬರಾಕಿಲ್ಲ. ಈ ಸಲ ನೀನೇ ಹಾಕು."

ಕೆಂಚಮ್ಮ ಅವನನ್ನೂ ಸೊಪ್ಪನ್ನೂ ಬದಲಿಸಿ ಬದಲಿಸಿ ನೋಡಿದಳು. ಆಮೇಲೆ ಸೊಪ್ಪು ಹಿಡಿದುಕೊಂಡೇ ಒಳಗೆ ಹೋದಳು.

ಲತಾಮಣಿ ಹುಳುಮನೆಗೆ ತಿರುಗಿ ಬಂದು, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಸುಡಲೆಂದು ಹುಳದ ಮೊದಲ ತಟ್ಟೆಯನ್ನು ಎತ್ತಿದಳು. ಹೊರಗೆ ಮಾವನ ದನಿ ಕೇಳುತ್ತಿತ್ತು.

"ತೆಳ್ಳಗೆ ಹಾಕವ್ವ, ಒಸಿ ತೆಳ್ಳಗೆ... ಅಂಚಿಗೂ ಹಾಕು."

ಬಾಗಿಲ ಸಂದಿಯಿಂದ ನೋಡಿದಳು. ಕೆಂಚಮ್ಮನ ಮನೆಯೊಳಗೇನೂ ಕಾಣದ ಜಾಗದಲ್ಲಿ ನಿಂತು ಅವನು ಕತ್ತು ಚಾಚಿದ್ದ. ಬೆನ್ನ ಹಿಂದೆ ಹಿಡಿದ ಕೈಯ ಬೆರಳುಗಳಿಂದ ಬ್ಲೀಚಿಂಗ್ ನೀರು ಬೀದಿಯ ಮಣ್ಣಿಗೆ ತೊಟ್ಟಿಕ್ಕುತ್ತಿತ್ತು.